ತೇವಾಂಶ ಅಳೆಯದ ಹವಾಮಾನ ಕಿಟ್ ಮತ್ತು ಮುಚ್ಚಿಟ್ಟ ಸೋರ್ಸ್ ಕೋಡ್ ಕುರಿತು ದೂರು

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ಬಿಎಂಇ280 ಸೆನ್ಸರ್ ಇದೆಯೆಂದು ಹೇಳಿ ಬಿಎಂಪಿ280 ಇರುವ ಕಿಟ್‌ಗಳನ್ನು ಕಳುಹಿಸಿರುವುದು ಹಾಗೂ ತಂತ್ರಾಂಶದ ಸೋರ್ಸ್ ಕೋಡ್ (ಮೂಲ ಬರಹ) ನೀಡಲು ನಿರಾಕರಿಸಿರುವುದು.

ಮಾನ್ಯರೇ,

ನಮ್ಮ ಪರಿಸರ ವೀಕ್ಷಣಾ ತಂಡವು ಮರದ ನೆರಳು, ಬಯಲು, ಸಿಮೆಂಟ್ ತಾರಸಿ ಮತ್ತು ಕೊಳದ ದಡಗಳಲ್ಲಿ ಗಾಳಿ ಹೇಗೆ ಬದಲಾಗುತ್ತದೆ ಎಂಬುದನ್ನು ದಾಖಲಿಸಲು ತಮ್ಮ ಸಂಸ್ಥೆಯಿಂದ ಆರು ಹವಾಮಾನ ಕಿಟ್‌ಗಳನ್ನು ಖರೀದಿಸಿತ್ತು. ಉಷ್ಣಾಂಶ, ಗಾಳಿಯ ಒತ್ತಡ ಮತ್ತು ತೇವಾಂಶ ಮೂರನ್ನೂ ಅಳೆಯುವ ಬಿಎಂಇ280 ಸೆನ್ಸರ್ ಇದರಲ್ಲಿದೆ, ವಿನ್ಯಾಸವೂ ತಂತ್ರಾಂಶವೂ ಓಪನ್ ಸೋರ್ಸ್ (ಯಾರು ಬೇಕಾದರೂ ನೋಡಿ ತಿದ್ದಬಹುದಾದವು) ಆಗಿವೆ ಎಂಬ ತಮ್ಮ ವಿವರಣೆಯನ್ನು ನಂಬಿಯೇ ನಾವು ಈ ಕಿಟ್ ಆರಿಸಿಕೊಂಡೆವು.

ಒಂದು ಮುಂಜಾನೆ ಕೊಳದ ದಡದಲ್ಲಿ ಮಂಜು ಕವಿದಿತ್ತು. ಹುಲ್ಲಿನ ಮೇಲೆ ಇಬ್ಬನಿ ಹನಿಗಟ್ಟಿ, ಕಿಟ್‌ನ ಮುಚ್ಚಳದ ಅಂಚಿನಿಂದಲೂ ನೀರು ಇಳಿಯುತ್ತಿತ್ತು. ಆದರೆ ಪರದೆಯ ಮೇಲೆ ತೇವಾಂಶ ಶೇ 50 ಎಂದಿತ್ತು. ಕಿಟ್ ಇಟ್ಟ ಜಾಗದ ದೋಷವಿರಬಹುದೆಂದು ಮೊದಲು ಭಾವಿಸಿದೆವು. ನಂತರ ಅಡುಗೆ ಉಪ್ಪಿಗೆ ತುಸು ನೀರು ಬೆರೆಸಿ, ಒದ್ದೆ ಮರಳಿನಂತಾದ ಅದನ್ನು ಬಾಟಲಿಯ ಮುಚ್ಚಳದಲ್ಲಿ ತುಂಬಿ, ಗಾಳಿಯಾಡದ ಡಬ್ಬಿಯಲ್ಲಿ ಕಿಟ್‌ನ ಜೊತೆ ರಾತ್ರಿಯಿಡೀ ಇಟ್ಟೆವು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಂಥ ಡಬ್ಬಿಯೊಳಗಿನ ತೇವಾಂಶ ಸುಮಾರು ಶೇ 75ಕ್ಕೆ ಬಂದು ನಿಲ್ಲಬೇಕು. ಆರೂ ಕಿಟ್‌ಗಳು ಶೇ 50ರ ಆಸುಪಾಸಿನಲ್ಲೇ ಉಳಿದವು.

ಹೊದಿಕೆ ತೆರೆದು ಭೂತಗನ್ನಡಿಯಲ್ಲಿ ನೋಡಿದಾಗ ಕಾರಣ ತಿಳಿಯಿತು. ಬಿಎಂಇ280 ಚಿಪ್ ನಾಲ್ಕೂ ಬದಿ 2.5 ಮಿ.ಮೀ. ಇರುವ ಚೌಕ, ಇಲ್ಲಿದ್ದದ್ದು 2 ಮಿ.ಮೀ. ಅಗಲ, 2.5 ಮಿ.ಮೀ. ಉದ್ದದ ಆಯತ. ಚಿಪ್‌ನ ಗುರುತಿನ ಸಂಖ್ಯೆಯನ್ನು ಓದಿಸಿದಾಗ ಹೆಕ್ಸಾಡೆಸಿಮಲ್‌ನಲ್ಲಿ (16ರ ಆಧಾರದ ಎಣಿಕೆಯಲ್ಲಿ) ಬಿಎಂಇ280ರ ಸಂಖ್ಯೆಯಾದ 60 ಬರುವ ಬದಲು 58 ಬಂತು, ಅಂದರೆ ಅದು ಬಿಎಂಪಿ280. ಆ ಚಿಪ್ ಉಷ್ಣಾಂಶ ಮತ್ತು ಒತ್ತಡವನ್ನಷ್ಟೇ ಅಳೆಯುತ್ತದೆ, ತೇವಾಂಶವನ್ನು ಅಳೆಯುವ ಭಾಗವೇ ಅದರಲ್ಲಿಲ್ಲ. ಹಾಗಿದ್ದರೆ ಪರದೆಯ ಮೇಲಿನ ಶೇ 50 ಎಲ್ಲಿಂದ ಬಂತು ಎಂಬುದು ನಮ್ಮ ಮುಖ್ಯ ಪ್ರಶ್ನೆ, ಮತ್ತು ಅದಕ್ಕೆ ಉತ್ತರ ಸೋರ್ಸ್ ಕೋಡ್‌ನಲ್ಲಿ ಮಾತ್ರ ಸಿಗುತ್ತದೆ.

ಅದನ್ನು ಕೇಳಿ ಬರೆದಾಗ, ಅದು ವ್ಯಾಪಾರ ರಹಸ್ಯವೆಂದು ತಮ್ಮ ಸಿಬ್ಬಂದಿ ಉತ್ತರಿಸಿದರು. ಕಿಟ್‌ನ ಜೊತೆ ಬಂದ ಹಾಳೆಯಲ್ಲಿಯೇ ಜಿಪಿಎಲ್ (ಮುಕ್ತ ತಂತ್ರಾಂಶದ ಒಂದು ಸಾರ್ವಜನಿಕ ಪರವಾನಗಿ) ಮೂರನೇ ಆವೃತ್ತಿಯಡಿ ಇರುವ, ಇತರರು ಬರೆದ ಕೋಡನ್ನು ಬಳಸಿರುವುದಾಗಿ ತಾವು ನಮೂದಿಸಿದ್ದೀರಿ. ಅಂಥ ಕೋಡ್ ಬಳಸಿದ ತಂತ್ರಾಂಶವನ್ನು ಸಾಧನದಲ್ಲಿ ಹಾಕಿ ಮಾರುವವರು, ತಾವು ಮಾಡಿದ ಬದಲಾವಣೆಗಳೂ ಸೇರಿದಂತೆ ಅದರ ಸೋರ್ಸ್ ಕೋಡನ್ನು ಕೊಂಡವರಿಗೆ ಒದಗಿಸಬೇಕೆಂಬುದು ಆ ಪರವಾನಗಿಯ ಷರತ್ತು.

ಕಡಿಮೆ ಬೆಲೆಯ ಸಾಧನದಿಂದ ಪ್ರಯೋಗಾಲಯದ ನಿಖರತೆಯನ್ನು ನಾವು ನಿರೀಕ್ಷಿಸಿರಲಿಲ್ಲ. ಬಿಎಂಇ280ಕ್ಕೆ ತಯಾರಕರೇ ಹೇಳುವ ಶೇ 3ರಷ್ಟು ಆಚೀಚೆಯ ವ್ಯತ್ಯಾಸ ನಮ್ಮ ಕೆಲಸಕ್ಕೆ ಧಾರಾಳವಾಗಿ ಸಾಕಿತ್ತು, ಏಕೆಂದರೆ ಗೊತ್ತಿರುವ ದೋಷವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಇಲ್ಲದ ಅಳತೆಯನ್ನು ಇದೆಯೆಂದು ತೋರಿಸಿದರೆ ಮಾಡುವುದೇನು? ಹಾನಿ ತೇವಾಂಶದ ದಾಖಲೆಗೆ ಮಾತ್ರ ಸೀಮಿತವಾಗಿಲ್ಲ. ಒದ್ದೆ ಗಾಳಿಯಲ್ಲಿ ದೂಳಿನ ಕಣಗಳು ನೀರು ಹೀರಿ ಉಬ್ಬುವುದರಿಂದ, ಬೆಳಕಿನ ಚದುರುವಿಕೆಯನ್ನು ನೋಡಿ ಪಿಎಂ2.5 (2.5 ಮೈಕ್ರೋಮೀಟರ್ ಮತ್ತು ಅದಕ್ಕಿಂತ ಸಣ್ಣ ಕಣಗಳ ದೂಳು) ಅಂದಾಜಿಸುವ ಅಗ್ಗದ ಸೆನ್ಸರ್‌ಗಳು ಇರುವುದಕ್ಕಿಂತ ಹೆಚ್ಚು ದೂಳು ತೋರಿಸುತ್ತವೆ. ಅದನ್ನು ನಾವು ಈ ಕಿಟ್‌ನ ತೇವಾಂಶದ ಅಂಕಿಗಳಿಂದಲೇ ತಿದ್ದುತ್ತಿದ್ದೆವು. ಹೀಗಾಗಿ ಮೂರು ತಿಂಗಳು ಸರದಿಯಂತೆ ಬೆಳಗಾಗುವ ಮೊದಲೇ ಎದ್ದು ತಂಡದವರು ಬರೆದಿಟ್ಟ ದೂಳಿನ ಲೆಕ್ಕವನ್ನೂ ಬದಿಗಿಡಬೇಕಾಗಿದೆ. ಈ ನಷ್ಟ ನನಗೆ ತೀವ್ರ ನೋವು ತಂದಿದೆ.

ಆದ್ದರಿಂದ ಆರೂ ಕಿಟ್‌ಗಳಿಗೆ ನಿಜವಾದ ಬಿಎಂಇ280 ಸೆನ್ಸರ್‌ಗಳನ್ನು ತಮ್ಮ ಖರ್ಚಿನಲ್ಲಿ ಕಳುಹಿಸಬೇಕು, ಇಲ್ಲವೇ ಪೂರ್ತಿ ಹಣ ಮರಳಿಸಬೇಕು. ಸಾಧನದಲ್ಲಿರುವ ತಂತ್ರಾಂಶದ ಸೋರ್ಸ್ ಕೋಡ್ ಮತ್ತು ಸರ್ಕ್ಯೂಟ್ ನಕ್ಷೆಗಳನ್ನು, ತಿದ್ದಲು ಬರುವ ಮೂಲ ರೂಪದಲ್ಲಿಯೇ, 15 ದಿನಗಳೊಳಗೆ ಒದಗಿಸಬೇಕು. ಇದೇ ಕಿಟ್ ಕೊಂಡ ಇತರರಿಗೂ ತಾವಾಗಿಯೇ ವಿಷಯ ತಿಳಿಸಬೇಕೆಂದು ವಿಶೇಷವಾಗಿ ಕೋರುತ್ತೇನೆ, ಅವರಲ್ಲಿ ಹಲವರು ಆ ಅಂಕಿಗಳನ್ನು ಇಂದಿಗೂ ನಂಬಿ ಬರೆದುಕೊಳ್ಳುತ್ತಿರಬಹುದು. ಚಿಪ್‌ಗಳ ಛಾಯಾಚಿತ್ರ, ಗುರುತಿನ ಸಂಖ್ಯೆಯ ದಾಖಲೆ, ಉಪ್ಪಿನ ಪರೀಕ್ಷೆಯ ರೀಡಿಂಗ್‌ಗಳು ಮತ್ತು ಖರೀದಿ ರಸೀದಿಯ ಪ್ರತಿಯನ್ನು ಲಗತ್ತಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಪರಿಸರ ವೀಕ್ಷಣಾ ತಂಡದ ಪರವಾಗಿ