ಮಡಿಕೇರಿಯಲ್ಲಿ ದಾರಿ ತೋರಿಸಿದ ಮಾಜಿ ಸೈನಿಕರಿಗೆ

ನಿಮ್ಮ ಹೆಸರು ಗೊತ್ತಿಲ್ಲ ಸರ್. ಮಡಿಕೇರಿಯಲ್ಲಿ ಅಪ್ಪನ ಔಷಧಿಗೆ ಕ್ಯೂನಲ್ಲಿ ನಿಂತಿದ್ದಾಗ ಸಿಕ್ಕಿದಿರಿ. ಆರ್ಮಿ ಮೆಡಿಕಲ್ ಕೋರ್‌ನಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದೆ ಎಂದಿರಿ. ಅಷ್ಟೇ ಗೊತ್ತು.

ಅಪ್ಪ ನಿವೃತ್ತ ಹವಾಲ್ದಾರ್. ಲೋಟ ಹಿಡಿದರೆ ಕೈ ನಡುಗುತ್ತದೆ. ಒಂದು ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿಯಲ್ಲಿ ಅದಕ್ಕೆ ಕುಡಿತದ ಚಟವೇ ಕಾರಣ ಎಂದು ಬರೆದುಬಿಟ್ಟಿದ್ದರು. ಅಪ್ಪ ಕುಡಿಯುವವರೇ ಅಲ್ಲ. ಕೊಡಗಿನವರು, ಮಿಲಿಟರಿಯವರು ಅಂದ ಕೂಡಲೇ ಹಾಗೆ ಅಂದುಕೊಳ್ಳುವುದು ಅನ್ಯಾಯ ಅಲ್ವಾ? ಮುಂದೆ ನೋಡಿದ ಡಾಕ್ಟರುಗಳೂ ಅದೇ ಸಾಲನ್ನು ನಕಲು ಮಾಡುತ್ತಾ ಹೋದರು. ಅಪ್ಪ ಆಸ್ಪತ್ರೆಯೇ ಬೇಡ ಎನ್ನತೊಡಗಿದ್ದರು.

ನೀವು ನಿಮ್ಮ ಸರದಿ ಬಿಟ್ಟುಕೊಟ್ಟು, ಕೂತು ಫೈಲ್ ಪೂರ್ತಿ ಓದಿದಿರಿ. "ಹಳೆಯ ಸಾಲು ಅಳಿಸಿ ಅಂತ ಕೇಳಬೇಡ ಮಗಳೇ, ದಾಖಲೆ ಅಳಿಸುವ ಹಾಗಿಲ್ಲ. ಸಹಿ, ತಾರೀಖು ಹಾಕಿ ತಿದ್ದುಪಡಿ ಸೇರಿಸಿ ಅಂತ ಬರೆದು ಕೊಡು" ಅಂದಿರಿ. ಮೊದಲು ಕೇಸ್ ಶೀಟ್ ನಕಲಿಗೆ ಅರ್ಜಿ ಹಾಕಬೇಕು, 2002ರ ವೈದ್ಯಕೀಯ ಮಂಡಳಿ ನಿಯಮದ ಪ್ರಕಾರ 72 ಗಂಟೆಯೊಳಗೆ ಕೊಡಬೇಕು ಎಂದಿರಿ. ನರರೋಗ ತಜ್ಞರ ಅಭಿಪ್ರಾಯ ಲಗತ್ತಿಸಲು, ನಮ್ಮ ಪ್ರತಿಗೆ ಸೀಲ್ ಹಾಕಿಸಲು ಹೇಳಿದ್ದೂ ನೀವೇ.

ಹಾಗೇ ಮಾಡಿದೆವು. ತಜ್ಞರು ಪರೀಕ್ಷಿಸಿ 'ಎಸೆನ್ಷಿಯಲ್ ಟ್ರೆಮರ್' (ಕೈ ನಡುಗಿಸುವ ಒಂದು ನರದ ತೊಂದರೆ) ಎಂದು ಬರೆದರು. ಎಷ್ಟೋ ಮನೆಗಳಲ್ಲಿ ಇದು ವಂಶದಲ್ಲೇ ಬರುತ್ತದಂತೆ. ನಮ್ಮ ಅಜ್ಜನಿಗೂ ಕೈ ನಡುಗುತ್ತಿತ್ತು! ಈಗ ತಿದ್ದುಪಡಿ ಫೈಲ್ ಸೇರಿದೆ, ಸರಿಯಾದ ಮಾತ್ರೆಯೂ ಶುರುವಾಗಿದೆ.

ತುಂಬಾ ತುಂಬಾ ಧನ್ಯವಾದ ಸರ್. ಈ ಸಲ ಹುತ್ತರಿ ಹಬ್ಬಕ್ಕೆ ನಿಮ್ಮನ್ನು ಮನೆಗೆ ಕರೆಯಲೇಬೇಕು ಎಂದು ಅಪ್ಪ ಹೇಳುತ್ತಲೇ ಇದ್ದಾರೆ.