ಯಾವ ಭಾಷೆಯಾದರೂ ಸರಿ, ಲಿಪಿ ಕನ್ನಡ ಇರಲಿ
ಎಲ್ಲರಿಗೂ ನಮಸ್ಕಾರ. ನಮ್ಮ ಈ ಗುಂಪಿನಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ, ನಿಮಗೆ ಸಲೀಸಾದ ಭಾಷೆಯಲ್ಲೇ ಬರೆಯಿರಿ. ಇಂಗ್ಲಿಷ್ ಅಕ್ಷರ ಬೇಡ. ಒಬ್ಬೊಬ್ಬರ ಸ್ಪೆಲ್ಲಿಂಗ್ ಒಂದೊಂದು, ಆಮೇಲೆ ಹುಡುಕಿದರೆ ಸಿಗುವುದಿಲ್ಲ.

ತುಳುವಿನಲ್ಲಿ ಬರೆಯುವವರು ಗಮನಿಸಿ: 'ಬರ್ಪೆ' ಅಂದರೆ ನಾನು ಬರುತ್ತೇನೆಯೂ ಹೌದು, ಅವನು ಬರುತ್ತಾನೆಯೂ ಹೌದು. ಬಾಯಲ್ಲಿ ಎಕಾರ ಬೇರೆ ಬೇರೆ, ಕನ್ನಡ ಲಿಪಿಯಲ್ಲಿ ಒಂದೇ. ಹಾಗಾಗಿ 'ಯಾನ್' (ನಾನು), 'ಆಯೆ' (ಅವನು) ಬಿಡಬೇಡಿ.

'ನುಡಿ' ಕನ್ನಡ ತಂತ್ರಾಂಶದ ಹಳೆಯ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟಿನ ಆಮಂತ್ರಣವನ್ನು ಹಾಗೇ ಅಂಟಿಸಿದರೆ ಮೊಬೈಲಿನಲ್ಲಿ ಬರೀ ಚಿಹ್ನೆಗಳ ರಾಶಿ. ಎಲ್ಲ ಲಿಪಿಗಳಿಗೂ ಸಾಮಾನ್ಯ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ, ಅರ್ಕಾವತ್ತು ಒಮ್ಮೆ ನೋಡಿ ಕಳಿಸಿ.

ತುಳು-ತಿಗಳಾರಿ ಲಿಪಿ 2024ರಲ್ಲಿ ಯೂನಿಕೋಡ್‌ನ 16ನೇ ಆವೃತ್ತಿಗೆ ಸೇರಿತು, ನಮಗೆಲ್ಲ ಹೆಮ್ಮೆಯೇ. ಆದರೆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಖಾಲಿ ಚೌಕಗಳು ಕಾಣುತ್ತವೆ. ಆ ಬರಹವನ್ನು ಚಿತ್ರವಾಗಿ ಹಾಕಿ, ಕೆಳಗೆ ಕನ್ನಡ ಲಿಪಿಯಲ್ಲೂ ಬರೆಯಿರಿ.