ಗ್ರಿನೆಲ್‌ನ ಮೇಷ್ಟ್ರುಗಳಿಗೆ, ಹಳೆಯ ವಿದ್ಯಾರ್ಥಿಗಳಿಗೆ ನನ್ನ ವಂದನೆ

ಎಲ್ಲರಿಗೂ ನಮಸ್ಕಾರ. ನನಗೆ ಕೆಲಸ ಸಿಕ್ಕಿದೆ. ವೀಸಾ ಅರ್ಜಿಯೂ ಗಡುವು ಮುಗಿಯುವ ಮೊದಲೇ ಹೋಗಿದೆ. ಕಳೆದ ಚಳಿಗಾಲದಲ್ಲಿ ನಾನಿದ್ದ ಕಂಪನಿ ನಮ್ಮ ಇಡೀ ತಂಡವನ್ನು ತೆಗೆದುಹಾಕಿದ ದಿನದಿಂದ ಫೋನ್ ಮಾಡಿ, ಮೆಸೇಜ್ ಹಾಕಿ ವಿಚಾರಿಸಿದವರಿಗೆಲ್ಲ ಮೊದಲು ಈ ಸುದ್ದಿ ಮುಟ್ಟಲಿ.

ಈ ಬರಹ ಮುಖ್ಯವಾಗಿ ನಾನು ಓದಿದ ಗ್ರಿನೆಲ್ ಕಾಲೇಜಿನವರ ಬಗ್ಗೆ. ಅವರಿಗೆ ಕನ್ನಡ ಬರುವುದಿಲ್ಲ, ಒಬ್ಬೊಬ್ಬರಿಗೂ ಇಂಗ್ಲಿಷಿನಲ್ಲಿ ಬೇರೆಯಾಗಿ ಪತ್ರ ಬರೆದಿದ್ದೇನೆ. ಆದರೆ ಹಾಸನದಲ್ಲಿ ದಿನವೂ ನನ್ನ ಫೋನಿಗೆ ಕಾದು ಕೂತಿದ್ದ ಅಪ್ಪ ಅಮ್ಮನಿಗೆ, ಇಲ್ಲಿನ ಕನ್ನಡ ಗೆಳೆಯರಿಗೆ, ಈ ಜನ ಯಾರು, ರಕ್ತಸಂಬಂಧ ಇಲ್ಲದೆ ಇಷ್ಟೆಲ್ಲ ಯಾಕೆ ಮಾಡಿದರು ಅಂತ ಗೊತ್ತಾಗಬೇಕು.

ಗ್ರಿನೆಲ್ ಇರುವುದು ಅಮೆರಿಕದ ಅಯೋವಾ ರಾಜ್ಯದಲ್ಲಿ. ರಾಜ್ಯದ ರಾಜಧಾನಿ ಡೆ ಮೊಯಿನ್‌ನಿಂದ ಪೂರ್ವಕ್ಕೆ ಕಾರಿನಲ್ಲಿ ಸುಮಾರು ಒಂದು ಗಂಟೆ. ಸುತ್ತ ಮುಸುಕಿನ ಜೋಳ, ಸೋಯಾ ಹೊಲಗಳು. ರೈಲು ಹಳಿ ಕ್ಯಾಂಪಸ್ಸಿನ ಮಧ್ಯದಲ್ಲೇ ಹೋಗುತ್ತದೆ. ಕಾಲೇಜು ಶುರುವಾದದ್ದು 1846ರಲ್ಲಿ. ಈಗಲೂ ಓದುವವರು ಸುಮಾರು 1,700 ಮಂದಿ ಅಷ್ಟೇ, ನಮ್ಮ ಕಡೆಯ ಒಂದು ದೊಡ್ಡ ಪಿಯು ಕಾಲೇಜಿನಲ್ಲಿ ಅದಕ್ಕಿಂತ ಜಾಸ್ತಿ ಮಕ್ಕಳಿರುತ್ತಾರೆ. ಅಲ್ಲಿ ಎಲ್ಲರೂ ಕಡ್ಡಾಯವಾಗಿ ತೆಗೆದುಕೊಳ್ಳಬೇಕಾದ ಕ್ಲಾಸ್ ಒಂದೇ, ಮೊದಲ ಸೆಮಿಸ್ಟರಿನ ಟ್ಯುಟೋರಿಯಲ್. ಅದನ್ನು ಕಲಿಸುವ ಮೇಷ್ಟ್ರೇ ನಿಮ್ಮ ಅಡ್ವೈಸರ್. ನನಗೆ ಸಿಕ್ಕವರು ಇತಿಹಾಸದ ಪ್ರೊಫೆಸರ್. ನಾನು ಫಿಸಿಕ್ಸ್ ಓದಲು ಬಂದವಳು, ಆದರೂ ಅವರು ನನ್ನ ಒಂದೊಂದು ಪ್ರಬಂಧವನ್ನೂ ಎದುರಿಗೆ ಕೂರಿಸಿಕೊಂಡು ಸಾಲು ಸಾಲಾಗಿ ತಿದ್ದಿದರು. ಈಗ ನಿವೃತ್ತರಾಗಿದ್ದಾರೆ. ನನಗೆ ಕೆಲಸ ಹೋದ ವಿಷಯ ಯಾರಿಂದಲೋ ತಿಳಿದು ಅವರೇ ಫೋನ್ ಮಾಡಿದರು. ಸಮಾಧಾನದ ಮಾತು ಹೆಚ್ಚು ಆಡಲಿಲ್ಲ. "ನಿನ್ನ ರೆಸ್ಯೂಮೆ ಕಳಿಸು" ಅಂದರು. ಮಾರನೆಯ ದಿನ ಅದು ಪೂರ್ತಿ ತಿದ್ದಿಸಿಕೊಂಡು ವಾಪಸ್ ಬಂತು, ಹದಿನೆಂಟನೇ ವಯಸ್ಸಿನಲ್ಲಿ ನನ್ನ ಪ್ರಬಂಧಗಳು ಬರುತ್ತಿದ್ದ ಹಾಗೆಯೇ.

ಎಚ್‌-1ಬಿ, ಅಂದರೆ ಇಲ್ಲಿ ಕೆಲಸ ಮಾಡಲು ಹೊರದೇಶದವರಿಗೆ ಕೊಡುವ ವೀಸಾ ಮೇಲಿದ್ದವರಿಗೆ ಕೆಲಸ ಹೋದರೆ ಸಿಗುವುದು ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಹೊಸದಾಗಿ ಕೆಲಸ ಕೊಡುವವರು ನಮ್ಮ ಪರವಾಗಿ ಅರ್ಜಿ ಹಾಕಬೇಕು, ಅಥವಾ ಬೇರೆ ವೀಸಾಕ್ಕೆ ಬದಲಾಯಿಸಿಕೊಳ್ಳಬೇಕು, ಇಲ್ಲದಿದ್ದರೆ ದೇಶ ಬಿಡಬೇಕು. ಇದನ್ನು ಅನುಭವಿಸಿದವರಿಗೆ ಹೇಳಬೇಕಾಗಿಲ್ಲ. ಬಾಡಿಗೆ, ಕಾರಿನ ಕಂತು, ಊರಿಗೆ ಕಳಿಸುವ ದುಡ್ಡು ಎಲ್ಲ ಒಟ್ಟಿಗೆ ತಲೆಗೆ ಬರುತ್ತದೆ, ನಿದ್ದೆ ಬರುವುದಿಲ್ಲ.

ಆ ರಾತ್ರಿಗಳಲ್ಲಿ ನಮ್ಮ ಫಿಸಿಕ್ಸ್ ವಿಭಾಗದಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ಹಳೆಯ ಕಥೆ ತುಂಬಾ ನೆನಪಾಗುತ್ತಿತ್ತು. 1948ರಲ್ಲಿ ರಾಬರ್ಟ್ ನೋಯ್ಸ್ ಅನ್ನುವ ವಿದ್ಯಾರ್ಥಿ ಹಾಸ್ಟೆಲಿನ ಪಾರ್ಟಿಗೆ ಅಂತ ಊರಿನ ಮೇಯರ್ ಫಾರ್ಮ್‌ನಿಂದ ಒಂದು ಹಂದಿ ಕದ್ದರು. ಮರುದಿನ ತಾವೇ ಹೋಗಿ ಒಪ್ಪಿಕೊಂಡು ದುಡ್ಡು ಕೊಡುತ್ತೇವೆ ಅಂದರೂ ವಿಷಯ ದೊಡ್ಡದಾಯಿತು, ಅಯೋವಾದಂಥ ರೈತರ ನಾಡಿನಲ್ಲಿ ಜಾನುವಾರು ಕದಿಯುವುದು ಸಣ್ಣ ಅಪರಾಧ ಅಲ್ಲವಲ್ಲ. ಕಾಲೇಜಿನಿಂದ ಹೊರಗೆ ಹಾಕಬೇಕು ಅನ್ನುವ ಮಟ್ಟಕ್ಕೆ ಹೋದಾಗ ಫಿಸಿಕ್ಸ್ ಮೇಷ್ಟ್ರು ಗ್ರ್ಯಾಂಟ್ ಗೇಲ್ ಮಧ್ಯೆ ಬಂದರು, ಕಾಲೇಜಿನ ಅಧ್ಯಕ್ಷರೂ ಜೊತೆಗೆ ನಿಂತರು. ಕೊನೆಗೆ ಒಂದು ಸೆಮಿಸ್ಟರ್ ಅಮಾನತು, ಅಷ್ಟಕ್ಕೇ ಮುಗಿಯಿತು. ಇವತ್ತಿನ ಕಂಪ್ಯೂಟರ್, ಫೋನುಗಳಿಗೆಲ್ಲ ಮೂಲವಾದ ಟ್ರಾನ್ಸಿಸ್ಟರ್ ಅನ್ನುವ ಪುಟ್ಟ ಎಲೆಕ್ಟ್ರಾನಿಕ್ ಬಿಡಿಭಾಗ ಬಂದ ಹೊಸದು ಅದು. ಅದನ್ನು ಕಂಡುಹಿಡಿದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನ ಅಧ್ಯಕ್ಷ ಆಲಿವರ್ ಬಕ್ಲಿ ಇದೇ ಗ್ರಿನೆಲ್‌ನಲ್ಲಿ ಓದಿದವರು, ಟ್ರಾನ್ಸಿಸ್ಟರ್ ಕಂಡುಹಿಡಿದವರಲ್ಲಿ ಒಬ್ಬರಾದ ಜಾನ್ ಬಾರ್ಡೀನ್ ಗೇಲ್ ಅವರಿಗೆ ಪರಿಚಯದವರು. ಹೀಗಾಗಿ ದೊಡ್ಡ ದೊಡ್ಡ ಯೂನಿವರ್ಸಿಟಿಗಳೇ ಸರಿಯಾಗಿ ಕಣ್ಣು ಹಾಯಿಸದ ವಿಷಯ ಈ ಹೊಲಗಳ ನಡುವಿನ ಕಾಲೇಜಿಗೆ ಬಂತು. ನೋಯ್ಸ್ ವಾಪಸ್ ಬಂದು, ಅದನ್ನು ಓದಿ, 1949ರಲ್ಲಿ ತಮ್ಮ ಬ್ಯಾಚಿನ ಜೊತೆಗೇ ಡಿಗ್ರಿ ಮುಗಿಸಿದರು. ಆಮೇಲೆ ಇಂಟಿಗ್ರೇಟೆಡ್ ಸರ್ಕ್ಯೂಟ್, ಅಂದರೆ ಚಿಪ್ ರೂಪಿಸಿದ ಇಬ್ಬರಲ್ಲಿ ಒಬ್ಬರಾದರು. 1968ರಲ್ಲಿ ಗಾರ್ಡನ್ ಮೂರ್ ಜೊತೆ ಚಿಪ್ ಮಾಡುವ ಇಂಟೆಲ್ ಕಂಪನಿ ಕಟ್ಟಿದರು.

ಅಷ್ಟು ಹೊತ್ತಿಗೆ ನೋಯ್ಸ್ ಅದೇ ಕಾಲೇಜಿನ ಟ್ರಸ್ಟಿ, ಅಂದರೆ ಆಡಳಿತ ಮಂಡಳಿಯವರು. ಇಂಟೆಲ್ ಶುರುವಾದಾಗ ಗ್ರಿನೆಲ್ ನಿಧಿಯಿಂದ ಒಂದು ಲಕ್ಷ ಡಾಲರ್ ಹಾಕಿದರು, ಹಳೆಯ ವಿದ್ಯಾರ್ಥಿ ಜೋಸೆಫ್ ರೋಸೆನ್‌ಫೀಲ್ಡ್ ಮತ್ತು ಇನ್ನೊಬ್ಬ ಟ್ರಸ್ಟಿ ಸೇರಿ ಮತ್ತೆ ಎರಡು ಲಕ್ಷ ಕೊಟ್ಟರು. ರೋಸೆನ್‌ಫೀಲ್ಡ್ ದಶಕಗಟ್ಟಲೆ ಆ ನಿಧಿಯನ್ನು ತಮ್ಮ ಮನೆಯ ದುಡ್ಡಿನ ಹಾಗೆ ನೋಡಿಕೊಂಡು ಬೆಳೆಸಿದರು, ಅದಕ್ಕೇ ಅಷ್ಟು ಸಣ್ಣ ಕಾಲೇಜಿನ ಕೈಯಲ್ಲಿ ಅಷ್ಟು ದೊಡ್ಡ ನಿಧಿ. ನನ್ನ ನಾಲ್ಕು ವರ್ಷದ ಫೀಸಿನ ಬಹುಪಾಲು ಕಾಲೇಜು ಕೊಟ್ಟ ಸ್ಕಾಲರ್‌ಶಿಪ್. ಅಪ್ಪನ ಸಂಬಳದಲ್ಲಿ ಒಂದು ಸೆಮಿಸ್ಟರ್ ಕೂಡ ಆಗುತ್ತಿರಲಿಲ್ಲ. ಹಾಗಾಗಿ ಗೇಲ್ ಮೇಷ್ಟ್ರು ಅವತ್ತು ಒಬ್ಬ ಹುಡುಗನ ಪರವಾಗಿ ಮಾತಾಡಿದ್ದಕ್ಕೂ ನಾನು ಋಣಿ, ಇದನ್ನು ಸುಮ್ನೆ ಮಾತಿಗೆ ಹೇಳುತ್ತಿಲ್ಲ.

ಈಗ ನನ್ನ ಜೊತೆ ನಿಂತವರು. ಶಿಕಾಗೋದಲ್ಲಿರುವ, 1970ರ ದಶಕದಲ್ಲಿ ಓದು ಮುಗಿಸಿದ ಒಬ್ಬ ಹಿರಿಯರು ನನ್ನ ಮುಖವನ್ನೇ ನೋಡಿದವರಲ್ಲ. ಆದರೂ ಸಂಜೆ ಹೊತ್ತು ವಿಡಿಯೋ ಕಾಲ್‌ನಲ್ಲಿ ಕೂತು ಇಂಟರ್‌ವ್ಯೂ ಅಭ್ಯಾಸ ಮಾಡಿಸಿದರು. ಮಿನಿಯಾಪೊಲಿಸ್‌ನಲ್ಲಿರುವ ನಮ್ಮ ಕನ್ನಡದ ಅಕ್ಕ, ನನಗಿಂತ ಮೊದಲೇ ಗ್ರಿನೆಲ್‌ನಲ್ಲಿ ಓದಿದವರು, ವೀಸಾ ವಕೀಲರನ್ನು ಹುಡುಕಿ ಮೊದಲ ಫೀಸನ್ನು ತಾವೇ ಕಟ್ಟಿಬಿಟ್ಟರು, ವಾಪಸ್ ಕೊಡುತ್ತೇನೆ ಅಂದರೆ "ಮೊದಲು ಊಟ ಮಾಡಿದ್ಯಾ ಹೇಳು" ಅಂತಾರೆ. ಅಕ್ಕಾ, ಇಲ್ಲೇ ಎಲ್ಲರ ಮುಂದೆ ಹೇಳುತ್ತಿದ್ದೇನೆ, ಮೊದಲ ಸಂಬಳದಲ್ಲಿ ಕೊಡುತ್ತೇನೆ, ಬೇಡ ಅನ್ನಬೇಡಿ. ಇನ್ನು ಗ್ರಿನೆಲ್ ಊರಿನಲ್ಲಿರುವ ನನ್ನ ಹೋಸ್ಟ್ ಫ್ಯಾಮಿಲಿ. ಹೊರದೇಶದ ಮಕ್ಕಳಿಗೆ ಅಲ್ಲಿನ ಒಂದೊಂದು ಮನೆಯವರು ಜೊತೆಯಾಗುತ್ತಾರೆ. ನನ್ನ ಬಾಡಿಗೆ ಮನೆಯ ಕರಾರು ಮುಗಿಯುತ್ತಾ ಬಂದಿದ್ದು ಗೊತ್ತಾದ ಕೂಡಲೇ ಮಹಡಿ ಮೇಲಿನ ರೂಮು ಖಾಲಿ ಮಾಡಿ, ಕಾರು ತಂದು ನನ್ನನ್ನೂ ನನ್ನ ಸಾಮಾನನ್ನೂ ಕರೆದುಕೊಂಡು ಹೋದರು. ಅವರ ಅಡುಗೆಮನೆಯಲ್ಲಿ ಸಾರಿನ ಪುಡಿಗೆ ಒಂದು ಡಬ್ಬ ಇದೆ.

ಕೆಲಸ ಸಿಕ್ಕಿದ್ದು ಅಯೋವಾ ಸುತ್ತಲಿನ ಮಿಡ್‌ವೆಸ್ಟ್ ಪ್ರದೇಶದ್ದೇ ಒಂದು ಯೂನಿವರ್ಸಿಟಿಯ ಲ್ಯಾಬಿನಲ್ಲಿ. ಆ ಹುದ್ದೆ ಇದೆ ಅಂತ ತಿಳಿಸಿದವರು ನನಗೆ ಎಲೆಕ್ಟ್ರಾನಿಕ್ಸ್ ಕಲಿಸಿದ ಮೇಡಂ, ಶಿಫಾರಸು ಪತ್ರ ಬರೆದವರೂ ಅವರೇ.

ಮಂದಿ ಕೆಲಸ ಕಳೆದುಕೊಂಡಾಗ ಏನು ಮಾಡಬೇಕು ಅನ್ನುವುದು ಈ ಕಾಲೇಜಿನವರಿಗೆ ಹೊಸದಲ್ಲ. 1930ರ ದಶಕದ ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಸರ್ಕಾರದ ಉದ್ಯೋಗ ಯೋಜನೆ ನಡೆಸಿದ ಹ್ಯಾರಿ ಹಾಪ್‌ಕಿನ್ಸ್ 1912ರ ಬ್ಯಾಚ್. 1935ರಲ್ಲಿ ಕೆಲಸವಿಲ್ಲದ ನಾಟಕದವರಿಗೆ ಕೆಲಸ ಕೊಡಲು ಅವರು ಕರೆದದ್ದು 1911ರ ಬ್ಯಾಚಿನ ಹ್ಯಾಲಿ ಫ್ಲಾನಗನ್ ಅವರನ್ನು. ಸಾವಿರಾರು ನಟರು, ರಂಗಕರ್ಮಿಗಳು ಆ ಯೋಜನೆಯಿಂದ ಸಂಬಳ ಕಂಡರು. ವಿದ್ಯಾರ್ಥಿಯಾಗಿದ್ದಾಗ ಈ ಹೆಸರುಗಳನ್ನು ಪರೀಕ್ಷೆಗೆ ಓದಿದ ಹಾಗೆ ಓದಿದ್ದೆ. ಈ ವರ್ಷ ಅವರ ಬಗ್ಗೆ ಮತ್ತೆ ಓದುವಾಗ ಕಣ್ಣು ತುಂಬಿತು.

ಜೂನ್‌ನಲ್ಲಿ ಹಳೆಯ ವಿದ್ಯಾರ್ಥಿಗಳ ಸಮಾವೇಶಕ್ಕೆ ಹೋಗುತ್ತಿದ್ದೇನೆ. ಈ ಸಲ ಕರ್ನಾಟಕದಿಂದ ಗ್ರಿನೆಲ್‌ಗಾಗಲಿ, ಅಂಥದ್ದೇ ಬೇರೆ ಸಣ್ಣ ಕಾಲೇಜಿಗಾಗಲಿ ಸೀಟು ಸಿಕ್ಕ ಮಕ್ಕಳಿದ್ದರೆ ನನಗೆ ಮೆಸೇಜ್ ಮಾಡಲಿ. ಸ್ಕಾಲರ್‌ಶಿಪ್ ಅರ್ಜಿ, ವೀಸಾ ಇಂಟರ್‌ವ್ಯೂ, ಅಯೋವಾದ ಚಳಿಗೆ ಎಂಥ ಕೋಟು ಬೇಕು, ಏನು ಬೇಕಾದರೂ ಕೇಳಲಿ. ಶನಿವಾರ ಭಾನುವಾರ ಫ್ರೀ ಇರುತ್ತೇನೆ.